ಮೃಗಶಿರ ಮಳೆಗೆ ಮದ್ರಾಸಿನಲ್ಲಿ ನೆಟ್ಟ ಕಾಡು

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲ ಪ್ರಾಣಿ ನಾನು. ಅದೂ ಸಸ್ಯಶಾಸ್ತ್ರದಲ್ಲಿ. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ನಂಬಿಕೆ ಬಾರದೆ ಇರಬಹುದು.

ಅಪ್ಪಯ್ಯ ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು ಕೀಲ್ಪಾಕಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದವರು. ಊರಲ್ಲಿ ಹೈಸ್ಕೂಲು ಮುಗಿಸಿ ನಾನೂ ಅವರ ಹಿಂದೆಯೇ ಬಂದೆ. ಬೆಳಿಗ್ಗೆ ಅದೇ ಹೋಟೆಲಿನಲ್ಲಿ ಸಾಂಬಾರು ಬಡಿಸಿ, ಕೈ ತೊಳೆದು, ಬಸ್ಸು ಹಿಡಿದು ಕಾಲೇಜಿಗೆ ಓಡುತ್ತಿದ್ದೆ. ಪ್ರಯೋಗಾಲಯದಲ್ಲಿ ನಾನು ಸೂಕ್ಷ್ಮದರ್ಶಕದ ಮೇಲೆ ಬಾಗಿದರೆ ಪಕ್ಕದವರಿಗೆ ಹಸಿವಾಗುತ್ತಿತ್ತು. ಹೀಗೆ ಗಳಿಸಿದ ಪದವಿ ಅದು. ಅದನ್ನು ಯಾರಾದರೂ ಹಗುರವಾಗಿ ಕಂಡರೆ ನಾನು ಸುಮ್ಮನೆ ಬಿಡುವವನಲ್ಲ.

ತೊಂದರೆ ಏನೆಂದರೆ, ಅದನ್ನು ಯಾರೂ ಹಗುರವಾಗಿಯೂ ಕಾಣಲಿಲ್ಲ, ಭಾರವಾಗಿಯೂ ಕಾಣಲಿಲ್ಲ. ಕಾಣಲೇ ಇಲ್ಲ. ನುಂಗಂಬಾಕ್ಕಂನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಸಸ್ಯಶಾಸ್ತ್ರದ ವಿಷಯವಾಗಿ ನನಗೆ ಬಂದ ಪ್ರಶ್ನೆ ಒಂದೇ ಒಂದು: "ಸಾರ್, ನಮ್ಮ ಮನೆ ಕರಿಬೇವು ಯಾಕೆ ಚಿಗುರ್ತಾ ಇಲ್ಲ?" ಉತ್ತರ ನನಗೆ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ರಾಯರು ಮಹಡಿ ಹತ್ತಿ ಬಂದರು. ಕೋಯಂಬೇಡಿನ ದೊಡ್ಡ ಬಸ್ ನಿಲ್ದಾಣ ಇನ್ನೂ ಹೊಸ ಬಣ್ಣದ ವಾಸನೆ ಬೀರುತ್ತಿದ್ದ ಕಾಲ ಅದು. ರಾಯರು ನಮ್ಮ ಕೆಳಗಿನ ಮನೆಯವರು, ರೈಲ್ವೆಯಿಂದ ನಿವೃತ್ತರಾದವರು. ಅವರ ಮನೆತನ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಗೊತ್ತಿಲ್ಲ. ಮನೆಯಲ್ಲಿ ಕನ್ನಡವನ್ನು ಬಿಡದೆ ಉಳಿಸಿಕೊಂಡಿದ್ದಾರೆ, ಆದರೆ ಆ ಕನ್ನಡ ಅರ್ಧ ದಾರಿಗೆ ಬಂದು ತಮಿಳಿನ ಅಂಗಳದಲ್ಲಿ ಕೂತುಬಿಡುತ್ತದೆ.

"ಸಾರ್, ನೀವು ಬಾಟನಿ ತಾನೆ?" ಎಂದರು.

"ಹೌದು" ಎಂದೆ. ಈ ಪ್ರಶ್ನೆಗಾಗಿ ಬಹಳ ವರ್ಷದಿಂದ ಕಾದಿದ್ದವನ ದನಿ ಅದು.

ರಾಯರು ವಿಷಯ ಬಿಚ್ಚಿದರು. ತಾಂಬರಂ ದಾಟಿ ಒಳಗೆ ಹೋದರೆ ಒಂದು ಹಳ್ಳಿಯ ಅಂಚಿನಲ್ಲಿ ಎರಡು ತುಂಡು ಕಾಡು ಇದೆ. ಮುಗಿಲು ಮುಟ್ಟುವ ಮರಗಳ ಕಾಡಲ್ಲ. ತಲೆಗಿಂತ ಸ್ವಲ್ಪ ಮೇಲೆ ನಿಂತು, ಒಂದರೊಳಗೊಂದು ಹೆಣೆದುಕೊಂಡು, ಎಂಥ ಬಿಸಿಲಿಗೂ ಎಲೆ ಉದುರಿಸದ ಹಟಮಾರಿ ಕಾಡು. ಕಾಡುನಿಂಬೆ, ಕವಳಿ, ರೆಂಜೆ, ಕರುಂಗಾಲಿ ಎಲ್ಲ ಅಲ್ಲಿವೆ. ಒಂದು ಕಾಲಕ್ಕೆ ಎರಡೂ ಒಂದೇ ಆಗಿದ್ದವು. ಯಾರೋ ಯಾವಾಗಲೋ ನಡುವೆ ಕಡಿದು ಒಂದು ಪಟ್ಟಿ ಬೋಳಾಯಿತು. ಈಗ ಈ ತುಂಡಿನಲ್ಲಿ ಹಣ್ಣು ತಿಂದ ಹಕ್ಕಿ ಬೋಳು ನೆಲ ದಾಟಿ ಆ ತುಂಡಿಗೆ ಹೋಗುವುದಿಲ್ಲ. ಬೀಜವೂ ಹೋಗುವುದಿಲ್ಲ. ಎರಡೂ ತುಂಡುಗಳು ಒಳಗೊಳಗೇ ಸೊರಗುತ್ತಿವೆ.

ಆ ಪಟ್ಟಿ ಹಳ್ಳಿಯ ದೇವಸ್ಥಾನದ ಜಾಗ. ದೇವಸ್ಥಾನದ ಆಡಳಿತ ನೋಡುವ ಧರ್ಮಕರ್ತರ ಬಳಿ ಯಾರೋ ಬಂದು, ಲಾರಿ ನಿಲ್ಲಿಸಲು ಜಾಗ ಕೊಡಿ ಎಂದು ಕೇಳಿದ್ದರು. ರಾಯರು ಅವರ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡರು. ಧರ್ಮಕರ್ತರು ನ್ಯಾಯಸ್ಥರು. "ಪೊಂಗಲ್ ತನಕ ಸಮಯ ಕೊಡುತ್ತೇನೆ. ಅಷ್ಟರಲ್ಲಿ ಅಲ್ಲಿ ಕಾಡಿನ ಗಿಡ ಬೇರು ಹಿಡಿದು ನಿಂತಿದ್ದರೆ ಜಾಗ ಕಾಡಿಗೆ. ಇಲ್ಲದಿದ್ದರೆ ಲಾರಿಗೆ" ಎಂದರು.

ಸಸಿ ಎಲ್ಲಿಂದ? ಅದಕ್ಕೂ ದಾರಿ ಇತ್ತು. ಒಂದು ತುಂಡಿನ ಮೂಲೆ ಖಾಸಗಿಯವರದು. ಅವರು ಪೊಂಗಲ್ ಕಳೆದ ಮೇಲೆ ಅಲ್ಲಿ ಸೈಟು ಮಾಡುವವರು. ಬುಲ್ಡೋಜರ್ ಬರುವ ಮುಂಚೆ ಮರದಡಿ ಎದ್ದಿರುವ ಸಸಿಗಳನ್ನು ಕಿತ್ತುಕೊಂಡು ಹೋಗಿ ಎಂದು ಹೇಳಿದ್ದರು.

"ಕಿತ್ತು ನೆಡೋಕೆ ನಾನು ಆಳು ಇದ್ದೇನೆ, ನಮ್ಮ ಕಾಲನಿ ಜನ ಇದ್ದಾರೆ. ಆದರೆ ತಲೆ ಬೇಕು ಸಾರ್. ಬಾಟನಿ ತಲೆ" ಎಂದರು ರಾಯರು.

ನಾನು ಆ ತಲೆಯನ್ನು ತಕ್ಷಣವೇ ಒಪ್ಪಿಸಿದೆ.

ಮೊದಲ ಪ್ರಶ್ನೆ ಯಾವಾಗ ನೆಡುವುದು ಎಂಬುದು. ನಮ್ಮ ಮನೆಯ ಊಟದ ಮೇಜಿನ ಸುತ್ತ ಸಭೆ ಸೇರಿತು. ಎಲ್ಲ ಪಠ್ಯಪುಸ್ತಕಗಳೂ ಒಂದೇ ಮಾತು ಹೇಳುತ್ತವೆ: ಮಳೆಗಾಲದ ಆರಂಭದಲ್ಲಿ ನೆಡಬೇಕು. ಅಂದರೆ ಜೂನ್ ತಿಂಗಳು. ಇದರಲ್ಲಿ ಚರ್ಚಿಸುವಂಥದ್ದು ಏನಿದೆ ಎಂದು ನಾನು ಅಂದುಕೊಂಡಿದ್ದೆ.

"ಜೂನಾ?" ಎಂದರು ರಾಯರು. "ಏನ್ ಸಾರ್, ಬೇಸಿಗೆಯ ಕತ್ತಿರಿ ಬಿಸಿಲು ಈಗ ತಾನೆ ಮುಗಿದಿದೆ. ಐಪ್ಪಸಿ ತಿಂಗಳು ಬರಲಿ. ದೀಪಾವಳಿ ಹೊತ್ತಿಗೆ ಅಡೆಮಳೆ ಹಿಡಿದುಕೊಳ್ಳುತ್ತೆ. ಅಪ್ಪೊ ನೆಟ್ಟರೆ ತಾನಾಗಿ ನಿಲ್ಲುತ್ತೆ."

"ಅದು ಮಳೆಗಾಲ ಅಲ್ಲ ರಾಯರೆ, ಅದು ಸೈಕ್ಲೋನು" ಎಂದೆ.

ನೀವು ನಗಬಹುದು. ಇಪ್ಪತ್ತು ವರ್ಷ ಮದ್ರಾಸಿನಲ್ಲಿದ್ದವನಿಗೆ ಇಲ್ಲಿ ಮಳೆ ಯಾವಾಗ ಬರುತ್ತದೆಂದು ತಿಳಿಯದೆ? ತಿಳಿದಿತ್ತು. ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಮೊಣಕಾಲು ನೀರಿನಲ್ಲಿ ಪ್ಯಾಂಟು ಮಡಚಿಕೊಂಡು ಕಚೇರಿಗೆ ಹೋದವನೇ ನಾನು. ಆದರೆ ಕರಾವಳಿಯಲ್ಲಿ ಹುಟ್ಟಿದವನ ತಲೆಯೊಳಗೆ ಮಳೆಗಾಲ ಅಂದರೆ ಜೂನ್, ಬೇರೆ ತಿಂಗಳಲ್ಲಿ ಬರುವುದು ಅನಾಹುತ. ಅನಾಹುತವನ್ನು ನಂಬಿ ಯಾರಾದರೂ ಗಿಡ ನೆಡುತ್ತಾರೆಯೇ?

ಅಪ್ಪಯ್ಯ ಪೂರ್ತಿಯಾಗಿ ನನ್ನ ಕಡೆ. "ಮೃಗಶಿರ ಬಂತಲ್ಲ ಮಾರಾಯ, ಇನ್ನೆಂತ ಕಾಯುದು? ಊರಲ್ಲಿ ಈಗ ಎಲ್ಲ ನೆಟ್ಟು ಆಗಿರ್ತದೆ" ಎಂದರು. ಅವರ ನಂಬಿಕೆಗೂ ಕಾರಣವಿತ್ತು. ಅಪ್ಪಯ್ಯ ನಲವತ್ತು ವರ್ಷ ಮದ್ರಾಸಿನಲ್ಲಿದ್ದರೂ ಇದ್ದದ್ದು ಕಿಟಕಿಯಿಲ್ಲದ ಅಡುಗೆಮನೆಯಲ್ಲಿ. ಹೊರಗೆ ಮಳೆಯೋ ಬಿಸಿಲೋ, ಒಳಗೆ ಒಂದೇ ಹವೆ. ಹೋಟೆಲಿನವರು ರಜೆ ಕೊಡುತ್ತಿದ್ದದ್ದು ಜೂನಿನಲ್ಲಿ. ಊರಿಗೆ ಹೋಗುತ್ತಿದ್ದರು, ಮಳೆ ನೋಡುತ್ತಿದ್ದರು, ಮರಳಿ ಬರುತ್ತಿದ್ದರು. ಹಾಗಾಗಿ ಅವರ ಮಟ್ಟಿಗೆ ಇಡೀ ಭೂಮಂಡಲದಲ್ಲಿ ಮಳೆ ಬರುವುದು ಜೂನಿನಲ್ಲೇ.

ನನ್ನ ಹೆಂಡತಿ ಮಾಲತಿ ಅನ್ನದ ಪಾತ್ರೆ ಮೇಜಿನ ಮೇಲಿಟ್ಟಳು. ಅವಳೂ ಉಡುಪಿ ಹೋಟೆಲಿನವರ ಮಗಳೇ, ಆದರೆ ಹುಟ್ಟಿದ್ದು ಬೆಳೆದದ್ದು ಇಲ್ಲೇ. "ನನ್ನ ಮಾತು ಕೇಳಿ ಮಾರಾಯ್ರೆ. ಇಲ್ಲಿ ಜೂನಲ್ಲಿ ಬಟ್ಟೆ ಒಣಹಾಕಿದ್ರೆ ಹತ್ತು ನಿಮಿಷಕ್ಕೆ ತೆಗೀಬೇಕು, ಇಲ್ಲದಿದ್ರೆ ಹಪ್ಪಳ ಆಗ್ತದೆ. ಅದರಲ್ಲಿ ಗಿಡ ನೆಡ್ತಾರಂತೆ" ಎಂದಳು.

"ನಾನು ಬಾಟನಿ ಓದಿದ್ದೇನೆ" ಎಂದೆ.

"ಬಟ್ಟೆ ನಾನು ಒಣಹಾಕುದು" ಎಂದಳು.

ಹೀಗೆ ಸುದೀರ್ಘ ಚರ್ಚೆಯ ನಂತರ ಜೂನ್ ತಿಂಗಳೇ ಸೂಕ್ತವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸರ್ವರೂ ಅಂದರೆ ನಾನು ಮತ್ತು ಅಪ್ಪಯ್ಯ. ರಾಯರು ಜಾಣರು. "ಸರಿ ಸಾರ್, ಅರ್ಧ ಸಸಿ ನಿಮ್ಮ ಮಳೆಗೆ, ಅರ್ಧ ನಮ್ಮ ಮಳೆಗೆ" ಎಂದು ಎದ್ದು ಹೋದರು. ಅವರ ಮುಖದಲ್ಲಿ ಉಳಿದರ್ಧವನ್ನು ಬದುಕಿಸಿಕೊಂಡವರ ನೆಮ್ಮದಿ ಇತ್ತು.

ಜೂನ್ ಎರಡನೆಯ ಭಾನುವಾರ ಹಾರೆ, ಗುದ್ದಲಿ, ಗೋಣಿಚೀಲಗಳೊಂದಿಗೆ ಹೊರಟೆವು. ಮೊದಲ ಕಾಡುನಿಂಬೆ ಸಸಿ ಒಂದು ಗೇಣು ಎತ್ತರವಿತ್ತು. ಒಂದು ಗೇಣು ಸಸಿಗೆ ಅರ್ಧ ಗೇಣು ಬೇರು ಇರಬಹುದೆಂದು ನಾನು ಎಲ್ಲರಿಗೂ ವಿವರಿಸಿ ಅಗೆಯಲು ಕೂತೆ. ಅರ್ಧ ಗೇಣು ಕಳೆಯಿತು. ಗೇಣು ಕಳೆಯಿತು. ಮೊಳ ಕಳೆಯಿತು. ನಾನು ಗುಂಡಿಯೊಳಗೆ ಭುಜದವರೆಗೆ ಕೈ ಬಿಟ್ಟು ಮಲಗಿದ್ದೆ, ಬೇರು ಮಾತ್ರ ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಮಳೆ ಕಡಿಮೆ ಇರುವ ಕಡೆಯ ಸಸಿ ಮೇಲೆ ಬೆಳೆಯುವ ಮೊದಲು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ ಎಂದು ನನಗೆ ಆಗ ನೆನಪಾಯಿತು. ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

"ಏನ್ ಸಾರ್, ಬಾವಿ ತೋಡ್ತಾ ಇದ್ದೀರಾ?" ಎಂದರು ರಾಯರು ಮೇಲಿನಿಂದ.

ಕೆಲವು ಬೇರುಗಳು ಪೂರ್ತಿ ಬಂದವು, ಕೆಲವು ಅರ್ಧಕ್ಕೆ ಕಡಿದವು. ಎಲ್ಲವನ್ನೂ ಪಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ನೆಟ್ಟೆವು. ಸಂಜೆ ನಾನು ಸೊಂಟ ಹಿಡಿದುಕೊಂಡು ನಿಂತು ನೋಡಿದರೆ ಎರಡು ಕಾಡುಗಳ ನಡುವೆ ಸಣ್ಣದೊಂದು ಹಸಿರು ಹೊಲಿಗೆ ಹಾಕಿದ ಹಾಗೆ ಕಂಡಿತು. ಈಗಲೂ ಹೇಳುತ್ತೇನೆ, ಆ ನೋಟ ಚೆನ್ನಾಗಿತ್ತು.

ಮಾರನೆಯ ಸಂಜೆ ಮಳೆ ಬಂತು! ಗುಡುಗು, ಸಿಡಿಲು, ಗಾಳಿ ಸಮೇತ. ಅಪ್ಪಯ್ಯ ಬಾಲ್ಕನಿಯಲ್ಲಿ ನಿಂತು ಕೈ ಚಾಚಿ, "ನೋಡು, ಮೃಗಶಿರ" ಎಂದು ಹಳೆಯ ನೆಂಟನನ್ನು ಪರಿಚಯಿಸುವಂತೆ ಹೇಳಿದರು. ನಾನು ಕೆಳಗಿಳಿದು ಹೋಗಿ ರಾಯರ ಬಾಗಿಲು ತಟ್ಟಿ, ಏನೂ ಮಾತಾಡದೆ ಆಕಾಶವನ್ನು ತೋರಿಸಿ ಮರಳಿ ಬಂದೆ. ಮಾಲತಿ ಒದ್ದೆ ಬಟ್ಟೆ ಒಳಗೆ ತರುತ್ತಿದ್ದಳು. ಅವಳಿಗೂ ಒಂದು ವಿಜಯದ ನೋಟ ಕೊಟ್ಟೆ. ಆ ಮಳೆ ಬಾರದೆ ಇದ್ದಿದ್ದರೆ ನಾನು ಅಷ್ಟು ಕೆಟ್ಟುಹೋಗುತ್ತಿರಲಿಲ್ಲ.

ಏಕೆಂದರೆ ಅದರ ಮುಂದಿನ ಮಳೆಯ ಸುದ್ದಿಯೇ ಇಲ್ಲ. ಆ ವರ್ಷ ಮದ್ರಾಸಿನವರಿಗೆ ಮರೆಯುವಂಥ ವರ್ಷವಲ್ಲ. ನಲ್ಲಿ ತಿರುಗಿಸಿದರೆ ಗಾಳಿ ಬಂದು ಸೀಟಿ ಹೊಡೆಯುತ್ತಿತ್ತು. ಬೀದಿಗೆ ನೀರಿನ ಲಾರಿ ಬಂದರೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಜಾತ್ರೆ. ಅಂಥದ್ದರಲ್ಲಿ ನಾನು ಪ್ರತಿ ಶನಿವಾರ ಭಾನುವಾರ ಹಳ್ಳಿಗೆ ಹೋಗಿ ದೇವಸ್ಥಾನದ ಕೊಳದ ತಳದಲ್ಲಿ ಉಳಿದಿದ್ದ ಕೆಸರು ನೀರನ್ನು ಕೊಡದಲ್ಲಿ ಹೊತ್ತು ಸಸಿಗಳಿಗೆ ಹಾಕುತ್ತಿದ್ದೆ. ಹಾಕಿದ ನೀರು ನೆಲ ಮುಟ್ಟುವ ಮುಂಚೆ ಆವಿಯಾಗುತ್ತಿದೆಯೋ ಎಂದು ನನಗೆ ಅನುಮಾನ.

ಆಷಾಢದ ಒಂದು ಭಾನುವಾರ ಮಗಳು ಸುಧಾಳನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ.

"ನೋಡು ಮಗಾ, ಇದು ರೆಂಜೆ. ಸ್ವಲ್ಪ ವಿಶ್ರಾಂತಿ ಸ್ಥಿತಿಯಲ್ಲಿದೆ" ಎಂದೆ.

ಅವಳು ಬಗ್ಗಿ ಎಲೆ ಮುಟ್ಟಿದಳು. ಅದು ಪುಡಿಯಾಯಿತು. "ಸೆತ್ತುಪ್ಪೋಚ್ಚುಪ್ಪಾ" ಎಂದಳು.

ಸತ್ತೇ ಹೋಯಿತಪ್ಪಾ ಎಂಬುದನ್ನು ತಮಿಳಿನಲ್ಲಿ ಹೇಳಿದರೆ ಯಾಕೋ ಇನ್ನಷ್ಟು ಸತ್ತಂತೆ ಕೇಳುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಆದರೆ ಸಾಂಬಾರಿನ ಬಕೆಟ್ ಹಿಡಿದ ಕೈಯಲ್ಲೇ ಸಸ್ಯಶಾಸ್ತ್ರ ಪಾಸು ಮಾಡಿದವನು ನಾನು. ಒಂದೊಂದೇ ಸಸಿಯ ಕಾಂಡವನ್ನು ಉಗುರಿನಿಂದ ಗೀರಿ ನೋಡಿದೆ. ಕೆಲವುಗಳ ಒಳಗೆ ಇನ್ನೂ ಹಸಿರಿತ್ತು. ಅವನ್ನು ಕಿತ್ತು ಮನೆಗೆ ತಂದು, ತಾರಸಿಯ ನೆರಳಲ್ಲಿ ಶುಶ್ರೂಷೆ ಮಾಡಿ ಬದುಕಿಸುವುದೆಂದು ನಿಶ್ಚಯಿಸಿದೆ. ಯಾರ ಮಳೆ ಎಂಬ ಪ್ರಶ್ನೆ ಬೇಡ, ಈ ಪಟ್ಟಿಯಲ್ಲಿ ಲಾರಿ ನಿಲ್ಲಬಾರದು, ಅಷ್ಟೇ.

ಮುಂದಿನ ವಾರ ಅಪ್ಪಯ್ಯನೂ ಜೊತೆಗೆ ಬಂದರು. ದೋಸೆ ಹುಯ್ಯುವ ಮೊದಲು ಅವರು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವವರಾಗಿದ್ದರು. ಒದ್ದೆ ಬಾಳೆಎಲೆ ಹಾಸಿ, ಮಣ್ಣಿನ ಸಮೇತ ಸಸಿಯ ಬೇರನ್ನು ಅದರ ಮೇಲಿಟ್ಟು, ಎರಡು ಮಡಿಕೆ, ಮೇಲೊಂದು ಪೇಪರು, ಬಾಳೆನಾರಿನ ಒಂದು ಗಂಟು. ಮೊಸರನ್ನದಿಂದ ಒಂದು ತೊಟ್ಟು ಸೋರದಂತೆ ಕಟ್ಟಿದ ಕೈ, ಬೇರಿನಿಂದ ಒಂದು ಚಿಟಿಕೆ ಮಣ್ಣು ಉದುರದಂತೆ ಕಟ್ಟಿತು. ನಾನು ಕಟ್ಟಿದ್ದು ಮಾತ್ರ ಬಸ್ಸಿನಲ್ಲಿ ಬಿಚ್ಚಿಕೊಂಡು ಮುಂದಿನ ಸೀಟಿನವರ ಅಂಗಿಯ ಮೇಲೆ ಬಿತ್ತು.

ಬಸ್ಸಿನಲ್ಲಿ ಬಾಳೆಎಲೆಯ ಘಮ ಹರಡಿತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಚೀಲದೊಳಗೆ ಇಣುಕಿ, "ಯಾವ ಹೋಟೆಲು? ಪುಳಿಯೋಗರೆಯಾ?" ಎಂದು ತಮಿಳಿನಲ್ಲಿ ಕೇಳಿದರು.

"ಕಾಡುನಿಂಬೆ" ಎಂದೆ.

"ಓ, ನಿಂಬೆ ಚಿತ್ರಾನ್ನ" ಎಂದು ತಲೆಯಾಡಿಸಿದರು.

ತಾರಸಿಯ ಮೇಲೆ ಹಳೆಯ ಪಂಚೆಯ ಚಪ್ಪರ ಕಟ್ಟಿ, ಹೋಟೆಲಿನ ಖಾಲಿ ಎಣ್ಣೆ ಡಬ್ಬಗಳಲ್ಲಿ ಸಸಿಗಳನ್ನು ಇರಿಸಿದೆ. ನೀರಿಗಾಗಿ ಮನೆಯಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು. ಅಕ್ಕಿ ತೊಳೆದ ನೀರು ಸಸಿಗೆ. ತರಕಾರಿ ತೊಳೆದ ನೀರು ಸಸಿಗೆ. ಸ್ನಾನವನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ನಿಂತೇ ಮಾಡತಕ್ಕದ್ದು, ಸೋಪು ಹಚ್ಚುವ ಮುಂಚಿನ ನೀರನ್ನು ಬೇರೆ ತೆಗೆಯತಕ್ಕದ್ದು.

"ಸೋಪಿಗೆ ಮೊದಲಿನ ನೀರು ಯಾವುದು, ನಂತರದ್ದು ಯಾವುದು ಅಂತ ನಾನು ಸ್ನಾನ ಮಾಡುವಾಗ ಲೆಕ್ಕ ಇಡ್ಬೇಕಾ?" ಎಂದಳು ಮಾಲತಿ. "ಈ ಮನೆಯಲ್ಲಿ ಮನುಷ್ಯರಿಗೆ ಒಂದು ಚೊಂಬು, ಗಿಡಕ್ಕೆ ಮೂರು ಚೊಂಬು. ನಾನೂ ಒಂದು ಡಬ್ಬದಲ್ಲಿ ನಿಲ್ತೇನೆ, ನನಗೂ ಹಾಕಿ."

ಹಾಗೆಂದವಳೇ ನಾನು ಕಚೇರಿಗೆ ಹೋದ ಮೇಲೆ ಮಧ್ಯಾಹ್ನ ಮಧ್ಯಾಹ್ನ ತಾರಸಿ ಹತ್ತಿ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದಳೆಂದು ಸುಧಾ ಹೇಳಿದಳು. ತಮಿಳಿನಲ್ಲಿ. ಒಂದು ದಿನ ಒಂದು ಕಾಡುನಿಂಬೆ ಕೆಂಪು ಚಿಗುರು ಬಿಟ್ಟಿತು. ನಮ್ಮ ಮನೆಯಲ್ಲಿ ಆ ದಿನ ಪಾಯಸ.

ಐಪ್ಪಸಿ ಬಂತು. ಅದರೊಡನೆ ಮಳೆಯೂ ಬಂತು. ರಾಯರು ಹೇಳಿದ ಹಾಗೆ ಅಡೆಮಳೆ, ಬಿಡದೆ ಹಿಡಿದುಕೊಂಡಿತು. ರಾಯರು ಮಹಡಿ ಹತ್ತಿ ಬಂದು, ಬಾಗಿಲು ತಟ್ಟಿ, ಮಾತಾಡದೆ ಆಕಾಶ ತೋರಿಸಿ ಇಳಿದು ಹೋದರು. ನನಗೆ ಸಲ್ಲಬೇಕಾದದ್ದೇ.

ಕಾಡಿನ ಮೂಲೆಯಲ್ಲಿ ಉಳಿದಿದ್ದ ಸಸಿಗಳನ್ನೂ, ತಾರಸಿಯ ರೋಗಿಗಳನ್ನೂ ಸೇರಿಸಿ ಸುರಿಯುವ ಮಳೆಯಲ್ಲೇ ನೆಟ್ಟೆವು. ಒದ್ದೆ ಮಣ್ಣಿನಿಂದ ಬೇರುಗಳು ಬೆಣ್ಣೆಯಿಂದ ದಾರ ಎಳೆದಂತೆ ಸಲೀಸಾಗಿ ಬಂದವು. ಮಾಲತಿ ಸೀರೆ ಎತ್ತಿ ಕಟ್ಟಿ ಗುಂಡಿ ಮುಚ್ಚಿದಳು. ನನ್ನ ಒಂದು ಚಪ್ಪಲಿ ಕೆಸರೊಳಗೆ ಹೋದದ್ದು ಮತ್ತೆ ಸಿಕ್ಕಲಿಲ್ಲ. ಅದನ್ನೂ ನೆಟ್ಟೆವೆಂದು ತಿಳಿದುಕೊಳ್ಳಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ.

ನನ್ನ ಚಿಂತೆ ಪೊಂಗಲ್‌ನದು. ಈ ಜಾತಿಯ ಗಿಡಗಳು ಬೆಳೆಯುವುದು ಬಲು ನಿಧಾನ. ಎರಡು ತಿಂಗಳಲ್ಲಿ ಎರಡು ಎಲೆ ಬಿಟ್ಟರೆ ದೊಡ್ಡದು. ಧರ್ಮಕರ್ತರು ಬಂದು ನೋಡುವಾಗ ಅಂಗೈಯಗಲದ ಸಸಿಗಳನ್ನು ತೋರಿಸಿ ಇದು ಕಾಡು ಎನ್ನುವುದು ಹೇಗೆ?

"ಬೇರು ಹಿಡಿದರೆ ಸಾಕು ಸಾರ್. ಎತ್ತರ ಅವರು ಕೇಳಲಿಲ್ಲ" ಎಂದರು ರಾಯರು.

"ಸ್ವಲ್ಪ ಪೋಷಣೆ ಕೊಡೋಣ" ಎಂದೆ.

ಅಪ್ಪಯ್ಯನ ಹಳೆಯ ಹೋಟೆಲಿನ ಹಿತ್ತಿಲಲ್ಲಿ ಒಂದು ಗುಂಡಿ ಇದೆ. ಅಡುಗೆಮನೆಯ ಸಿಪ್ಪೆ, ತಿರುಳು, ಬಾಳೆಎಲೆ ಎಲ್ಲ ಬಿದ್ದು ಕೊಳೆಯುವ ಜಾಗ. ಕಪ್ಪು ಬಂಗಾರದಂಥ ಗೊಬ್ಬರ. ಕೋಯಂಬೇಡಿನಿಂದ ತರಕಾರಿ ತರುವ ಹೋಟೆಲಿನ ವ್ಯಾನು ಒಂದು ಭಾನುವಾರ ಆ ಗೊಬ್ಬರವನ್ನು ಹೊತ್ತು ಹಳ್ಳಿಗೆ ಬಂತು. ಪ್ರತಿ ಸಸಿಯ ಸುತ್ತಲೂ ಉದಾರವಾಗಿ ಹರಡಿದೆ. ಉಳಿದದ್ದನ್ನು ಸಸಿಗಳ ನಡುವಿನ ಜಾಗಕ್ಕೂ ಹರಡಿದೆ. ಕೈ ಬಿಗಿ ಹಿಡಿಯುವ ಸ್ವಭಾವ ನನ್ನದಲ್ಲ.

"ಇದು ಪೂರ್ತಿ ಕೊಳೆತಿದೆಯಾ? ಏನೋ ಬೀಜ ಬೀಜ ಕಾಣ್ತದೆ" ಎಂದಳು ಮಾಲತಿ.

"ನಾನು ಬಾಟನಿ ಓದಿದ್ದೇನೆ" ಎಂದೆ.

ಎರಡು ವಾರ ಕಳೆದು ಹೋದರೆ ಪಟ್ಟಿಯ ತುಂಬ ಪುಟ್ಟ ಪುಟ್ಟ ಮೊಳಕೆಗಳು. ದುಂಡಗಿನ ಎರಡೆರಡು ಎಲೆ. ರಾಯರನ್ನು ಕರೆದು ಕಾಡಿನ ಮಣ್ಣಿನ ಬಗ್ಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಕಾಡು ಕಡಿದರೂ ಅದರ ಬೀಜಗಳು ವರ್ಷಗಟ್ಟಲೆ ಮಣ್ಣಿನೊಳಗೆ ಮಲಗಿರುತ್ತವೆ. ಹದ ಸಿಕ್ಕ ಕೂಡಲೇ ಏಳುತ್ತವೆ. ಇದೋ ಎದ್ದಿವೆ. ನಾವು ನೆಟ್ಟದ್ದಕ್ಕಿಂತ ಹತ್ತು ಪಾಲು ಹೆಚ್ಚು, ಪ್ರಕೃತಿಯೇ ನೆಟ್ಟಿದೆ. ಒಂದನ್ನೂ ಯಾರೂ ಕೀಳಕೂಡದು.

ರಾಯರು ಭಕ್ತಿಯಿಂದ ಕೇಳಿಸಿಕೊಂಡರು. ಈ ಉಪನ್ಯಾಸದಲ್ಲಿ ತಪ್ಪೇನೂ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಗಿಡ ಮಾತ್ರ ಬೇರೆಯದಾಗಿತ್ತು.

ಮುಂದಿನ ಸಲ ಹೋದಾಗ ಮೊಳಕೆಗಳು ಬಳ್ಳಿಗಳಾಗಿದ್ದವು. ಅದರ ಮುಂದಿನ ಸಲ ಹಳದಿ ಹೂ ಬಿಟ್ಟಿದ್ದವು. "ಇದು ಕಾಡಿನ ಬಳ್ಳಿಗಳ ಒಂದು ಕುಟುಂಬ" ಎಂದೆ, ಸ್ವಲ್ಪ ಮೆಲ್ಲಗೆ. ಡಿಸೆಂಬರ್ ಕೊನೆಗೆ ಇಡೀ ಪಟ್ಟಿ ಹಸಿರು ರತ್ನಗಂಬಳಿ. ನೆಲವೇ ಕಾಣದು. ನಾವು ನೆಟ್ಟ ಸಸಿಗಳೂ ಕಾಣವು. ಎಲೆಗಳ ಅಡಿಯಲ್ಲಿ ಏನೋ ಗುಂಡಗೆ ಮಲಗಿತ್ತು.

ಅಪ್ಪಯ್ಯ ಬಗ್ಗಿ ಅದನ್ನು ಎತ್ತಿದರು. ಹಳದಿ ಮೈ, ಮೇಲೆ ಬಿಳಿ ಗೀರು. ಅವರ ಮುಖ ಅರಳಿತು. "ಇದು ನಮ್ಮ ಸೌತೆ ಮಾರಾಯ. ಮಂಗಳೂರು ಸೌತೆ!"

ಹೋಟೆಲಿನಲ್ಲಿ ವಾರಕ್ಕೊಮ್ಮೆ ಊರಿನ ಹುಳಿ ಮಾಡುತ್ತಾರೆ. ಅದಕ್ಕೆಂದೇ ಊರಿನ ಬಸ್ಸಿನಲ್ಲಿ ಮೂಟೆ ಸೌತೆ ಬರುತ್ತದೆ. ತಿರುಳು, ಬೀಜ ಎಲ್ಲ ಸೀದಾ ಆ ಗುಂಡಿಗೆ. ಪೂರ್ವ ಕರಾವಳಿಯ ಕಾಡನ್ನು ಉಳಿಸಲು ಹೊರಟವನು ಪಶ್ಚಿಮ ಕರಾವಳಿಯ ತರಕಾರಿ ಬೆಳೆದಿದ್ದೆ.

"ಬಾಟನಿ" ಎಂದಳು ಮಾಲತಿ.

ಆ ಹೊತ್ತಿಗೆ ಹಳ್ಳಿಯ ಹೆಂಗಸರು ಸೌತೆಯ ರುಚಿ ಕಂಡುಕೊಂಡಿದ್ದರು. ನಾನು ಬಸ್ ಇಳಿದರೆ "ವೆಳ್ಳರಿಕ್ಕಾ ಸಾರ್ ಬಂದ್ರು" ಎನ್ನುವರು. ವೆಳ್ಳರಿಕ್ಕಾ ಅಂದರೆ ಸೌತೆಕಾಯಿ. ನಾನು ಕಿತ್ತು ತೆಗೆಯೋಣವೆಂದು ಬಳ್ಳಿಗೆ ಕೈ ಹಾಕಿದರೆ, ಅದು ಕಾಡುನಿಂಬೆಯ ಮುಳ್ಳಿಗೆ, ಕವಳಿಯ ಕೊಂಬೆಗೆ ಸುತ್ತಿಕೊಂಡು ಸಸಿಯನ್ನೂ ಜೊತೆಗೇ ಎಳೆಯುತ್ತಿತ್ತು. ಒಂದು ಕರುಂಗಾಲಿ ಹಾಗೆಯೇ ಬುಡ ಸಮೇತ ಬಂತು. ರಾಯರು ನನ್ನ ಕೈ ಹಿಡಿದುಕೊಂಡರು. "ಸಾರ್, ಬೇಡ. ದಯವುಸೆಯ್ದು ಏನೂ ಮಾಡಬೇಡಿ."

ಪೊಂಗಲ್ ಮರುದಿನ ಧರ್ಮಕರ್ತರು ಬಂದರು. ಬಿಳಿ ವೇಷ್ಟಿ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಛತ್ರಿ. ಹಿಂದೆ ಅರ್ಧ ಹಳ್ಳಿ. ಪಟ್ಟಿಯ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಸೌತೆಕಾಯಿ ಚೆನ್ನಾಗಿದೆ. ಮನೆಯಲ್ಲೂ ಮಾಡಿದ್ದರು" ಎಂದರು ತಮಿಳಿನಲ್ಲಿ. "ಕಾಡು ಎಲ್ಲಿ ಸಾರ್?"

ರಾಯರು ನನ್ನನ್ನು ನೋಡಿದರು. ಮಾಲತಿ ನನ್ನನ್ನು ನೋಡಿದಳು. ನಾನು ಚಪ್ಪಲಿ ಕಳಚಿ, ಮೊಣಕಾಲೂರಿ ಬಳ್ಳಿಗಳ ಅಡಿಗೆ ನುಗ್ಗಿದೆ.

ಸೌತೆ ಬಳ್ಳಿಗೆ ಸಣ್ಣ ಮುಳ್ಳಿನಂಥ ರೋಮ ಇರುತ್ತದೆ. ಮುಖ, ಕೈ, ಕಿವಿ ಎಲ್ಲ ಉರಿಯತೊಡಗಿತು. ಒಂದು ಕೈಯಲ್ಲಿ ಎಲೆ ಎತ್ತುತ್ತ, ಇನ್ನೊಂದು ಕೈಯಲ್ಲಿ ನೆಲ ತಡವುತ್ತ ತೆವಳಿದೆ. ಸೌತೆ. ಇನ್ನೊಂದು ಸೌತೆ. ಒಂದು ಕಪ್ಪೆ. ಮತ್ತೆ ಸೌತೆ. ಮೇಲೆ ಯಾರೋ ನಕ್ಕರು. ಒಂದು ಗಿಡವೂ ಉಳಿದಿಲ್ಲವೇನೋ, ನಾಳೆಯಿಂದ ಇಲ್ಲಿ ಲಾರಿಯ ಎಣ್ಣೆ ಸೋರುತ್ತದೆ ಎಂದುಕೊಂಡಾಗ ಬೆರಳಿಗೆ ಮುಳ್ಳು ಚುಚ್ಚಿತು. ಅಷ್ಟು ಸಂತೋಷ ಕೊಟ್ಟ ಮುಳ್ಳು ಜೀವನದಲ್ಲಿ ಬೇರೆ ಇಲ್ಲ. ಕಾಡುನಿಂಬೆ. ನೇರ ನಿಂತಿತ್ತು. ಮೆಲ್ಲಗೆ ಬುಡ ಹಿಡಿದು ಎಳೆದು ನೋಡಿದೆ. ಅಲುಗಲಿಲ್ಲ. ಒಂದು ಎಲೆ ಕಿತ್ತು, ಬಳ್ಳಿಗಳ ನಡುವಿನಿಂದ ತಲೆ ಎತ್ತಿ ಧರ್ಮಕರ್ತರಿಗೆ ಕೊಟ್ಟೆ.

ಅವರು ಅದನ್ನು ಹಿಸುಕಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಇನ್ನೊಂದು ತೋರಿಸಿ" ಎಂದರು.

ಅಷ್ಟು ಹೊತ್ತಿಗೆ ಮಾಲತಿ ಒಂದು ಸಾಲಿನಲ್ಲಿ ಮೊಣಕಾಲೂರಿದ್ದಳು, ರಾಯರು ಇನ್ನೊಂದರಲ್ಲಿ. ಎಪ್ಪತ್ತರ ಹತ್ತಿರದ ರಾಯರು ಬಳ್ಳಿಯೊಳಗಿಂದ "ರೆಂಜೆ ಇರುಕ್ಕು!" ಎಂದು ಕೂಗಿದರು. "ಅಪ್ಪಾ, ಇಂಗೆ ಪಾರು" ಎಂದಳು ಸುಧಾ, ಇಲ್ಲಿ ನೋಡು ಎಂದು. ಹಳ್ಳಿಯ ಹೆಂಗಸರೂ ಇಳಿದರು. ಅವರಿಗೆ ಸೌತೆ ಹುಡುಕುತ್ತ ಎಲ್ಲೆಲ್ಲಿ ಮುಳ್ಳು ಚುಚ್ಚಿತ್ತೆಂಬುದು ನೆನಪಿತ್ತು. ಒಂದೊಂದಾಗಿ ಎಲೆಯ ಅಡಿಯಿಂದ ಸಸಿಗಳು ಹೊರಬಂದವು. ಬಿಸಿಲು ತಗಲದೆ, ತಂಪಾಗಿ, ಸೊಕ್ಕಿನಿಂದ ನಿಂತಿದ್ದವು. ಎಲ್ಲವೂ ಅಲ್ಲ. ಆದರೆ ಆ ತುದಿಯಿಂದ ಈ ತುದಿಯವರೆಗೆ ಇದ್ದವು.

ಧರ್ಮಕರ್ತರು ಛತ್ರಿ ಮಡಚಿದರು. "ಜಾಗ ಕಾಡಿಗೆ" ಎಂದರು.

ಅಪ್ಪಯ್ಯ ಅಂಚಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮುಖದ ಮೇಲೆ ಸೌತೆ ಎಲೆ ಅಂಟಿಸಿಕೊಂಡೇ ನಾನು ಎದ್ದು ನಿಂತು, ಈ ಜವಾಬ್ದಾರಿಯನ್ನು ಇನ್ನು ಮುಂದೆಯೂ ವೈಜ್ಞಾನಿಕವಾಗಿ ನಿರ್ವಹಿಸುವುದಾಗಿ ಹೇಳಲು ಬಾಯಿ ತೆರೆದೆ.

"ಒಂದು ಷರತ್ತು" ಎಂದರು ಧರ್ಮಕರ್ತರು. "ಸುತ್ತ ಬೇಲಿ ಹಾಕಿಸುತ್ತೇನೆ. ಬೀಗದ ಕೈ ರಾಯರ ಹತ್ತಿರ ಇರಲಿ." ನನ್ನ ಭುಜದ ಮೇಲೆ ಕೈಯಿಟ್ಟರು. ದನಿಯಲ್ಲಿ ಬಹಳ ಮರ್ಯಾದೆ ಇತ್ತು. "ನೀವು ದೊಡ್ಡ ಓದು ಓದಿದವರು, ಒಳ್ಳೆಯ ಮನಸ್ಸು. ಒಳಗೆ ಮಾತ್ರ ಹೋಗಬೇಡಿ ಸಾರ್."

ಇದಾಗಿ ಕೆಲವು ವರ್ಷಗಳಾದವು. ಸಸಿಗಳು ಈಗ ನನ್ನ ತಲೆ ದಾಟಿವೆ. ಎರಡು ಕಾಡುಗಳು ಒಂದನ್ನೊಂದು ಮುಟ್ಟಿವೆ. ಪಿಕಳಾರಗಳು ಕವಳಿ ಹಣ್ಣು ಕಚ್ಚಿಕೊಂಡು ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹಾರುತ್ತವೆ. ನಾನು ಬೇಲಿಯ ಹೊರಗೆ ನಿಂತು ನೋಡುತ್ತೇನೆ. ನಾನು ಒಳಗೆ ಹೋಗದಿರುವುದರಿಂದಲೇ ಅದು ಇಷ್ಟು ಚೆನ್ನಾಗಿ ಬೆಳೆದಿದೆ ಎನ್ನುತ್ತಾಳೆ ಮಾಲತಿ. ಸಸ್ಯಶಾಸ್ತ್ರದ ದೃಷ್ಟಿಯಿಂದ ಎಷ್ಟು ಯೋಚಿಸಿದರೂ ಅವಳ ಮಾತಿನಲ್ಲಿ ನನಗೆ ತಪ್ಪು ಸಿಕ್ಕಿಲ್ಲ.